ರಾಗಿ ಹೊಲದ ಬದುವಿಗೆ ಮರ: ಯಾವ ದಿಕ್ಕಿಗೆ ಯಾವುದು, ಬೇರು–ನೆರಳಿನ ಕಾಟ ತಡೆಯೋದು ಹೇಗೆ?

ಒಣಹೊಲ

ಶಿರಾ ಕಡೆ 4 ಎಕರೆ ಮಳೆಯಾಶ್ರಿತ ಹೊಲ. ಕೆಂಪು ಮರಳುಮಿಶ್ರಿತ ಮಣ್ಣು, ಎರಡೂವರೆ ಮೂರು ಅಡಿಗೆ ಗರಸು (ಕಲ್ಲುಮಿಶ್ರಿತ ಗಟ್ಟಿ ನೆಲ) ಸಿಗುತ್ತೆ. ಬೋರ್ ಇಲ್ಲ, ತೆಗೆಸೋ ಯೋಚನೆಯೂ ಇಲ್ಲ. ಹೊಲ ಹೆಚ್ಚೂಕಮ್ಮಿ ಚೌಕವಾಗಿದೆ, ಪಡುವಲಿಂದ ಮೂಡಲಿಗೆ ಇಳಿಜಾರು. ರಾಗಿ, ಅಕ್ಕಡಿಗೆ (ರಾಗಿ ನಡುವಿನ ಸಾಲಿಗೆ) ತೊಗರಿ ಮತ್ತು ಅವರೆ, ಕೆಲವು ವರ್ಷ ಕಡಲೆಕಾಯಿ.

ಸುತ್ತ ಬದು ಹಾಕಿಸಿ ಆಗಿದೆ. ಅದರ ಮೇಲೆ ಮರ ಬೆಳೆಸಬೇಕು ಅಂತಿದೆ. ಉದ್ದೇಶ ಮೂರು: ಸೊಪ್ಪು–ಗೊಬ್ಬರ, ಆಷಾಢದ ಗಾಳಿಗೆ ತಡೆ, ಮುಂದೆ ಒಂದಿಷ್ಟು ದುಡ್ಡು. ತೊಡಕು ಏನಂದರೆ,

ತೆಂಕಲಿಗೆ ಪಕ್ಕದವರ ನೀಲಗಿರಿ ತೋಪು ಇದೆ, ಸುಮಾರು 50 ಅಡಿ ಎತ್ತರ. ಆ ಬದಿಯ ಏಳೆಂಟು ಸಾಲು ರಾಗಿ ಮೊಣಕಾಲುದ್ದವೂ ಬರಲ್ಲ. ನಾನೂ ಮರ ಹಾಕಿದರೆ ನಾಲ್ಕೂ ಕಡೆ ಇದೇ ಕಥೆ ಆಗುತ್ತಾ?

ಇನ್ನೊಂದು, ಹೊಲದ ನಡುವೆ ಒಂದು ಹಳೇ ಹುಣಸೆಮರ. ಹರವು 40 ಅಡಿ ಇರಬಹುದು. ಅದರಡಿ ಏನೂ ಬೆಳೆಯಲ್ಲ, ಟ್ರ್ಯಾಕ್ಟರಿಗೂ ಅಡ್ಡ, ತೆಗೆಸಿಬಿಡಿ ಅಂತ ಎಲ್ಲರೂ ಹೇಳ್ತಾರೆ. ಉಳಿಸಬೇಕಾ?

ಯಾವ ಮರ ಅನ್ನೋದಕ್ಕಿಂತ ಎಲ್ಲಿ, ಎಷ್ಟು ದೂರಕ್ಕೆ ಅಂತ ತಿಳಿದವರು ಹೇಳಿದರೆ ಉಪಕಾರ.

---

ಕೆಂಪುಮಣ್ಣು

ಮೊದಲು ಹುಣಸೆಯ ಲೆಕ್ಕ ಮುಗಿಸೋಣ. 40 ಅಡಿ ಹರವು ಅಂದರೆ ಅದರಡಿಯ ಜಾಗ ಒಂದು ಗುಂಟೆಗಿಂತ ತುಸು ಹೆಚ್ಚು. ನೆರಳು ಬೆಳಿಗ್ಗೆ–ಸಂಜೆ ಸರಿದಾಡುತ್ತದೆ, ಬೇರೂ ಹೊರಗೆ ಹೋಗಿರುತ್ತದೆ ಎಂದು ಎರಡರಷ್ಟು, ಅಂದರೆ ಎರಡೂವರೆ ಗುಂಟೆ ಹಿಡಿಯಿರಿ. ನಿಮ್ಮ ಮಳೆಗೆ ಎಕರೆಗೆ 8 ಕ್ವಿಂಟಲ್ ರಾಗಿ ಎಂದರೆ ಆ ಜಾಗದಿಂದ ಹೋಗುವುದು ಅರ್ಧ ಕ್ವಿಂಟಲ್. ಅಷ್ಟು ದೊಡ್ಡ ಹುಣಸೆಮರ ಫಸಲಿನ ವರ್ಷದಲ್ಲಿ ಒಂದು ಕ್ವಿಂಟಲ್‌ಗಿಂತ ಹೆಚ್ಚೇ ಹಣ್ಣು ಕೊಡುತ್ತದೆ. ಹುಣಸೆ ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಮುನಿಯುತ್ತದೆ, ಅದನ್ನೂ ಸೇರಿಸಿ ನೋಡಿದರೂ ಮರದ್ದೇ ಮೇಲುಗೈ. ಟ್ರ್ಯಾಕ್ಟರಿನ ತೊಂದರೆಗೆ ಕೆಳಗಿನ ಕೊಂಬೆಗಳನ್ನು 9–10 ಅಡಿಯವರೆಗೆ ಎತ್ತರಿಸಿ ಸವರಿಸಿ. ಒಂದೇ ವರ್ಷ ಎಲ್ಲ ಬೇಡ, ಎರಡು ಬೇಸಿಗೆಯಲ್ಲಿ ಹಂಚಿ. ಬೆಳಕು ಓರೆಯಾಗಿ ಒಳಗೆ ಬಂದರೆ ನೆರಳಿನ ಅರ್ಧ ಕಾಟ ಅಲ್ಲೇ ತೀರುತ್ತದೆ. ಬುಡದ ಸುತ್ತ ರಾಗಿ ಬಿತ್ತಿ ಬೀಜ ಹಾಳುಮಾಡುವ ಬದಲು ಆ ಜಾಗವನ್ನು ತಿಪ್ಪೆಗೋ ದನ ಕಟ್ಟಲಿಕ್ಕೋ ಬಿಡಿ.

ಈಗ ದಿಕ್ಕು. ನಮ್ಮ ಅಕ್ಷಾಂಶದಲ್ಲಿ ಇದನ್ನು ಉತ್ತರ ಭಾರತದ ಪುಸ್ತಕ ನೋಡಿ ಮಾಡಬಾರದು. ಶಿರಾ 13.7 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಸ್ವಲ್ಪ ಬಡಗಲಿಗೇ ಇರುತ್ತಾನೆ, ಆಮೇಲೆ ತೆಂಕಲಿಗೆ ಸರಿಯುತ್ತಾ ಹೋಗುತ್ತಾನೆ. ಹಾಗಾಗಿ 8 ಮೀಟರ್, ಅಂದರೆ 26 ಅಡಿ ಎತ್ತರದ ಮರದ ಮಧ್ಯಾಹ್ನದ ನೆರಳು ಜೂನ್‌ನಲ್ಲಿ ತೆಂಕಲಿಗೆ ನಾಲ್ಕೈದು ಅಡಿ ಮಾತ್ರ. ಸೆಪ್ಟೆಂಬರ್ ಕೊನೆಗೆ ಅದು ಬಡಗಲಿಗೆ ತಿರುಗಿ ಏಳು ಅಡಿಯಷ್ಟಾಗುತ್ತದೆ. ಅಕ್ಟೋಬರ್ ಕೊನೆಗೆ 14 ಅಡಿ, ಡಿಸೆಂಬರ್ ಕೊನೆಗೆ 20 ಅಡಿ.

ಪುಷ್ಯ ಮಳೆಗೆ (ಜುಲೈ ಕೊನೆ) ಬಿತ್ತಿದ ರಾಗಿ ಕಾಳು ಕಟ್ಟುವುದು ಅಕ್ಟೋಬರ್‌ನಲ್ಲಿ. ಅವರೆ, ತೊಗರಿ ಜನವರಿಯವರೆಗೂ ನಿಲ್ಲುತ್ತವೆ. ಅಂದರೆ ಬೆಳೆಗೆ ಬಿಸಿಲು ಬೇಕೇಬೇಕಾದ ಹೊತ್ತಿಗೆ ಸರಿಯಾಗಿ ತೆಂಕಲ ಬದುವಿನ ಮರ ನಿಮ್ಮ ಹೊಲದೊಳಕ್ಕೆ ನೆರಳು ಚೆಲ್ಲುತ್ತದೆ, ಬಡಗಲ ಬದುವಿನದು ಹೊರಕ್ಕೆ ಚೆಲ್ಲುತ್ತದೆ. ಎತ್ತರದ ಮರ ಬಡಗಲಿಗೆ ಮತ್ತು ಪಡುವಲಿಗೆ, ತೆಂಕಲಿಗೆ ಎದೆಮಟ್ಟದಲ್ಲಿ ಕತ್ತರಿಸಿಡಬಹುದಾದ್ದು ಮಾತ್ರ. ಬಡಗಲಿನ ನೆರಳು ಬೀಳುವುದು ಆ ಕಡೆಯವರ ಹೊಲಕ್ಕೆ. ಆದ್ದರಿಂದ ಗಡಿಗಲ್ಲಿನಿಂದ 8–10 ಅಡಿ ನಿಮ್ಮೊಳಗೆ ಬಂದು ನೆಡಿ, ನೆಡುವ ಮುಂಚೆ ಅವರೊಂದಿಗೆ ಮಾತಾಡಿ. ಹತ್ತು ವರ್ಷ ಬೆಳೆದ ಮೇಲೆ ಎದ್ದ ಜಗಳಕ್ಕೆ ಮರವೇ ಬಲಿಯಾಗುತ್ತದೆ.

ನಿಮ್ಮ ನೀಲಗಿರಿ ಸಮಸ್ಯೆಯಲ್ಲೂ ಇದೇ ಅಡಗಿದೆ. 50 ಅಡಿ ಎತ್ತರ ಅಂದಿರಿ. ಅಕ್ಟೋಬರ್ ಕೊನೆಗೆ ಅದರ ಮಧ್ಯಾಹ್ನದ ನೆರಳೇ 26 ಅಡಿ ಒಳಗೆ ಬರುತ್ತದೆ. ಎಲ್ಲವನ್ನೂ ಬೇರಿನ ಮೇಲೆ ಹೊರಿಸಬೇಡಿ. ನೆರಳಲ್ಲಿ ರಾಗಿ ತೆಂಡೆ (ಬುಡದಿಂದ ಪಕ್ಕದ ಕವಲು) ಒಡೆಯುವುದಿಲ್ಲ, ಒಂದೇ ಕಡ್ಡಿಯಾಗಿ ಸೊರಗುತ್ತದೆ. ಬೇರಿನ ಪೈಪೋಟಿಯಾದರೆ ಮಳೆ ಬಿಟ್ಟ ವಾರದೊಳಗೆ ಗಡಿಯ ಕಡೆಯಿಂದ ಎಲೆ ಸುರುಳಿಯಾಗುತ್ತಾ ಬರುತ್ತದೆ. ಈ ಎರಡು ಗುರುತು ನೋಡಿಕೊಂಡರೆ ಯಾವುದಕ್ಕೆ ಮದ್ದು ಮಾಡಬೇಕು ಅನ್ನುವುದು ಗೊತ್ತಾಗುತ್ತದೆ.

ಗಾಳಿ: ಜೂನ್–ಆಗಸ್ಟ್ ಗಾಳಿ ನಿಮಗೆ ಪಡುವಲಿಂದ. ಮರಸಾಲಿನ ಎತ್ತರದ ಹತ್ತರಷ್ಟು ದೂರದವರೆಗೆ ಗಾಳಿಯ ಬಿರುಸು ಚೆನ್ನಾಗಿ ತಗ್ಗುತ್ತದೆ. 4 ಎಕರೆ ಚೌಕ ಅಂದರೆ ಒಂದು ಬದಿ ಸುಮಾರು 127 ಮೀಟರ್. 6 ಮೀಟರ್ ಎತ್ತರದ ಹೊಂಗೆ ಸಾಲು 60 ಮೀಟರ್, ಅಂದರೆ ಅರ್ಧ ಹೊಲ ಕಾಯುತ್ತದೆ. ಆದರೆ ಗೋಡೆ ಕಟ್ಟಿದಂತೆ ದಟ್ಟವಾಗಿ ಬೆಳೆಸಬೇಡಿ. ಗಾಳಿ ಮೇಲಿಂದ ಹಾರಿ ಆಚೆ ಸುಳಿಯಾಗಿ ಬಿದ್ದು ಬೆಳೆ ಮಲಗಿಸುತ್ತದೆ. ಅರ್ಧಕ್ಕರ್ಧ ಗಾಳಿ ಸೋಸಿ ಹೋಗುವಂತಿರಬೇಕು. ಪಡುವಲಿಗೆ 15 ಅಡಿಗೊಂದು ಮರ, ನಡುವೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಇಷ್ಟು ಸಾಕು.

ಟ್ರ್ಯಾಕ್ಟರ್ ಒಳಗೆ ಬರುವ ಕಡೆ 15 ಅಡಿ ಖಾಲಿ ಬಿಡಿ, ಕರೆಂಟ್ ತಂತಿ ಕೆಳಗೆ ಎತ್ತರದ್ದು ಏನೂ ಬೇಡ. ಎಲ್ಲರಿಗೂ ಗೊತ್ತಿರುವ ಮಾತು, ಆದರೂ ಎಲ್ಲರೂ ಮರೆಯುವುದು ಇದನ್ನೇ.

---

ಬೇರುನಾರು

ಕೆಂಪುಮಣ್ಣು ಅವರು ನೆರಳಿನ ಬಗ್ಗೆ ಹೇಳಿದ್ದು ಸರಿ. ನೀಲಗಿರಿ ಬೇರಿಗೆ ಏನು ಮಾಡಬೇಕು ಅನ್ನೋದನ್ನ ನಾನು ಹೇಳ್ತೀನಿ.

ಕಂದಕ ತೆಗೀಬೇಕು. 3 ಅಡಿ ಆಳ, ಒಂದು–ಒಂದೂವರೆ ಅಡಿ ಅಗಲ. ನಿಮಗೆ 3 ಅಡಿಗೆ ಗರಸು ಸಿಗೋದರಿಂದ ಅಲ್ಲಿವರೆಗೆ ಹೋದರೆ ಸಾಕು, ಪಕ್ಕಬೇರೆಲ್ಲ ಅದರ ಮೇಲೇ ಓಡಾಡ್ತಿರುತ್ತೆ. ಜೆಸಿಬಿಯವನಿಗೆ ಸಣ್ಣ ಬಕೆಟ್ ಹಾಕ್ಕೊಂಡು ಬಾ ಅಂತ ಮೊದಲೇ ಹೇಳಿ. ದೊಡ್ಡ ಬಕೆಟ್ಟಲ್ಲಿ ತೆಗೆದರೆ ಮೂರಡಿ ಅಗಲದ ಕಾಲುವೆ ಆಗಿ ಜಮೀನೂ ಹೋಗುತ್ತೆ, ಬಾಡಿಗೆಯೂ ಹೋಗುತ್ತೆ. ಮರದ ಬುಡದಿಂದ ಕನಿಷ್ಠ 5 ಅಡಿ ದೂರ ಇರಲಿ. ಅದಕ್ಕಿಂತ ಹತ್ತಿರ ಒಂದೇ ಬದಿ ದಪ್ಪ ಬೇರು ಕಡಿದರೆ ಗಾಳಿಗೆ ಮರ ವಾಲುತ್ತೆ, ಬಿದ್ದರೆ ಹೊಣೆ ನಿಮ್ಮದು. ಪಕ್ಕದವರಿಗೆ ಹೇಳಿ ಮಾಡೋದು ಒಳ್ಳೇದು.

ನಿಮ್ಮ ಜಾಗದಲ್ಲಿ ಒಂದು ವಿಶೇಷ ಅಪಾಯ ಇದೆ. ಇಳಿಜಾರು ಪಡುವಲಿಂದ ಮೂಡಲಿಗೆ, ನೀಲಗಿರಿ ತೆಂಕಲಿಗೆ. ಅಂದರೆ ಕಂದಕ ಇಳಿಜಾರಿನ ಉದ್ದಕ್ಕೇ ಹೋಗುತ್ತೆ. ತೆಗೆದು ಹಾಗೇ ಬಿಟ್ಟರೆ ಎರಡು ದೊಡ್ಡ ಮಳೆಗೆ ಅದು ಕೊರಕಲು, ಹೊಲದ ಮೇಲ್ಮಣ್ಣೆಲ್ಲ ಅದರಲ್ಲೇ ಇಳಿದುಹೋಗುತ್ತೆ. ನಡುನಡುವೆ ಅಡ್ಡಗಟ್ಟೆ ಬಿಡಿ ಅಂತ ಹೇಳೋರು ಇದ್ದಾರೆ. ಆ ಗಟ್ಟೆ ಮಣ್ಣೊಳಗೇ ಬೇರು ದಾಟಿ ಬರುತ್ತೆ, ಮೂರು ವರ್ಷಕ್ಕೆ ಎಲ್ಲಾ ಮೊದಲಿನಂತೆ. ಇಂಥ ಕಡೆ ಕಂದಕ ತೆಗೆದು, ಕಡಿದ ಬೇರಿನ ತುಂಡೆಲ್ಲ ಆರಿಸಿ, ಅದೇ ಮಣ್ಣು ಅದೇ ವಾರ ತುಂಬಿಸಿ ತುಳಿಸಿಬಿಡಿ. ಉದ್ದೇಶ ಬೇರು ಕಡಿಯೋದು, ಕಾಲುವೆ ಅಲ್ಲ.

ಆಮೇಲೆ ಎರಡು ವರ್ಷಕ್ಕೊಮ್ಮೆ ಅದೇ ಗೆರೆಯಲ್ಲಿ ಟ್ರ್ಯಾಕ್ಟರಿಗೆ ಒಂಟಿ ಹಲ್ಲಿನ ರಿಪ್ಪರ್ ಕಟ್ಟಿ ಒಂದೂವರೆ ಅಡಿ ಆಳಕ್ಕೆ ಎಳೆಸಿ. ಹೊಸ ಬೇರು ಆಗ ಬೆರಳಿಗಿಂತ ಸಣ್ಣದಿರುತ್ತೆ, ಪಟಪಟ ಹರಿದುಹೋಗುತ್ತೆ. ನಾಲ್ಕೈದು ವರ್ಷ ಬಿಟ್ಟರೆ ರಿಪ್ಪರ್ ಕೆಲಸ ಮಾಡಲ್ಲ, ಮತ್ತೆ ಜೆಸಿಬಿಗೇ ದುಡ್ಡು ಹಾಕಬೇಕು. ಕಾಲ: ಮೇನಲ್ಲಿ ಒಂದು ಮಳೆ ಬಿದ್ದು ನೆಲ ಮೆತ್ತಗಾದಾಗ. ಒಣ ಗರಸಲ್ಲಿ ಹಲ್ಲು ಕೂರಲ್ಲ, ಮೇಲೇ ಜಾರುತ್ತೆ.

2017ರಲ್ಲಿ ಸರ್ಕಾರ ನೀಲಗಿರಿ, ಅಕೇಶಿಯಾ ಹೊಸದಾಗಿ ಬೆಳೆಸೋದನ್ನ ನಿಷೇಧಿಸಿತು. ಆದರೆ ನೀಲಗಿರಿ ಕಡಿದ ಬುಡದಿಂದ ಕೂಳೆ ಚಿಗುರಿ ಮತ್ತೆ ತೋಪು ಆಗುತ್ತೆ. ಅವರು ಒಮ್ಮೆ ಕಟಾವು ಮಾಡ್ತಾರೆ, ಪೀಡೆ ಕಳೀತು ಅಂತ ಕಾಯಬೇಡಿ. ಹಾಂ, ಕಟಾವಾದ ಮೇಲೆ ಎರಡು ವರ್ಷ ನೆರಳು ಇರಲ್ಲ. ಆ ಎರಡು ವರ್ಷದ ರಾಗಿ ನೋಡಿದರೆ ನಿಮ್ಮ ನಷ್ಟದಲ್ಲಿ ನೆರಳಿನ ಪಾಲೆಷ್ಟು, ಬೇರಿನ ಪಾಲೆಷ್ಟು ಅಂತ ಕಣ್ಣಿಗೇ ಕಾಣುತ್ತೆ.

ಆ ಬದಿಗೆ ಸದ್ಯಕ್ಕೆ ರಾಗಿ ಬೇಡ. ಗಡಿಯಿಂದ 15–20 ಅಡಿ ಹುರುಳಿ ಹಾಕಿ, ಇಲ್ಲಾ ಹುಲ್ಲಿಗೆ ಬಿಡಿ. ಬೀಜ, ಗೊಬ್ಬರ, ಕಳೆ ಕೂಲಿ ಉಳಿಯೋದೇ ಲಾಭ.

---

ಅಕ್ಕಡಿಸಾಲು

ಮರದ ವಿಚಾರಕ್ಕೆ ಬರೋಣ. ನೀರಿಲ್ಲದ ಕೆಂಪು ಮಣ್ಣಿಗೆ ನನ್ನ ಮಟ್ಟಿಗೆ ಮೊದಲ ಹೆಸರು ಹೊಂಗೆ. ತುಮಕೂರು, ಕೋಲಾರ, ಚಿತ್ರದುರ್ಗದ ಹಳೇ ಹೊಲಗಳ ಬದುವಿನಲ್ಲಿ ಅದೇ ಇರುವುದಕ್ಕೆ ಕಾರಣಗಳಿವೆ. ತಾಯಿಬೇರು ಆಳಕ್ಕೆ ಇಳಿಯುತ್ತದೆ, ಬೇರುಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ, ಆಡು ಅಷ್ಟಾಗಿ ಬಾಯಿ ಹಾಕುವುದಿಲ್ಲ, ಎಷ್ಟು ಸವರಿದರೂ ಚಿಗುರುತ್ತದೆ, ಬೀಜಕ್ಕೆ ಗಿರಾಕಿ ಇದೆ. ಕೆಟ್ಟ ಗುಣವೂ ಒಂದಿದೆ, ಸವರದೆ ಬಿಟ್ಟರೆ ಕೊಡೆಯಂತೆ ಹರಡಿ ಕೆಳಗೆ ಕಗ್ಗತ್ತಲೆ ಮಾಡುತ್ತದೆ. ಸವರಲು ಆಳಿಲ್ಲದವರು ಬದುವಿಗೆ ಮರ ನೆಡಬಾರದು ಎಂದೇ ನಾನು ಹೇಳುವುದು. ರಾಗಿಗೆ ಕಳೆ ಹೇಗೋ ಮರಕ್ಕೆ ಸವರುವುದು ಹಾಗೆ, ವರ್ಷದ ಕೆಲಸ.

ನೆಡುವುದು: ಏಪ್ರಿಲ್–ಮೇನಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆ ಗುಡ್ಡೆ ಹಾಕಿ, ಒಂದು ತಿಂಗಳು ಗುಂಡಿ ಬಿಸಿಲು ಕಾಯಲಿ. ಆ ಮೇಲ್ಮಣ್ಣಿಗೆ ಒಂದು ಮಂಕರಿ ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿಸಿ. ಹಿಂಡಿ ಮುಖ್ಯವಾಗಿ ಗೆದ್ದಲಿಗೆ. ಅರೆಕಳಿತ ಗೊಬ್ಬರ ಹಾಕಿದರೆ ಗೆದ್ದಲಿಗೆ ಊಟಕ್ಕೆ ಕರೆದ ಹಾಗೆ, ಮೊದಲ ಬೇಸಿಗೆಯಲ್ಲೇ ಸಸಿಯ ಬುಡದ ತೊಗಟೆ ತಿಂದು ಮುಗಿಸುತ್ತದೆ.

ಜಾಗ ಬದುವಿನ ನೆತ್ತಿಯಲ್ಲ. ಅಲ್ಲಿ ಮಣ್ಣು ಸಡಿಲ, ಬೇಗ ಒಣಗುತ್ತದೆ. ಕಂದಕ ತೆಗೆದು ಬದು ಹಾಕಿದ್ದರೆ ಕಂದಕಕ್ಕೂ ಬದುವಿಗೂ ನಡುವಿನ ಮೆಟ್ಟಿಲಲ್ಲಿ ನೆಡಿ. ಕಂದಕ ಇಲ್ಲದಿದ್ದರೆ ಬದುವಿನ ಮೇಲ್ಮಗ್ಗುಲ ಬುಡದಲ್ಲಿ, ನೀರು ನಿಂತು ಇಂಗುವ ಕಡೆ. ನಿಮ್ಮ ಮೂಡಲ ಬದುವಿಗೆ ಹೊಲದ ನೀರೆಲ್ಲ ಬಂದು ಸೇರುತ್ತದೆ, ಹೊಂಗೆ ಎಲ್ಲಕ್ಕಿಂತ ಚೆನ್ನಾಗಿ ಬರುವುದು ಅಲ್ಲೇ.

ನಿಮ್ಮ ಕಡೆ ಮಳೆ ಗಟ್ಟಿಯಾಗುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಜೂನ್‌ನ ಒಂದು ಮಳೆ ನೋಡಿ ನೆಟ್ಟರೆ ಆಷಾಢದ ಒಣಗಾಳಿಗೆ ಅರ್ಧ ಸಸಿ ಹೋಗುತ್ತವೆ. ಆಶ್ಲೇಷ ಮಳೆಗೆ (ಆಗಸ್ಟ್ ಮೊದಲರ್ಧ) ನೆಟ್ಟರೆ ಚಿತ್ತೆ ಮಳೆಯವರೆಗೆ (ಅಕ್ಟೋಬರ್ ಮಧ್ಯ) ಎರಡು ತಿಂಗಳಿಗೂ ಹೆಚ್ಚು ಹಸಿ ಸಿಗುತ್ತದೆ. ಚೀಲದ ಸಸಿಯಾದರೆ ತಳ ಬಿಚ್ಚಿ ನೋಡಿ. ಬೇರು ಸುರುಳಿ ಸುತ್ತಿದ್ದರೆ ತಳದ ಅರ್ಧ ಇಂಚು ಚಾಕುವಿನಿಂದ ಕತ್ತರಿಸಿ ತೆಗೆದು ನೆಡಿ. ಸುತ್ತಿದ ಬೇರು ಮುಂದೆ ತನ್ನನ್ನು ತಾನೇ ಬಿಗಿದುಕೊಳ್ಳುತ್ತದೆ, ಐದಾರು ವರ್ಷದ ಮರ ಗಾಳಿಗೆ ಬುಡಸಮೇತ ಕೀಳುತ್ತದೆ. ಇದಕ್ಕಿಂತ ಸುಲಭ, ಗುಂಡಿಗೇ ಎರಡು ಬೀಜ ಹಾಕುವುದು. ಆ ವರ್ಷದ ಬೀಜ, ಒಂದು ಇಂಚು ಆಳ. ಎರಡು ಮೂರು ವಾರದಲ್ಲಿ ಹುಟ್ಟುತ್ತದೆ, ಮೊಣಕಾಲುದ್ದ ಬಂದಾಗ ಬಲವಾದುದನ್ನು ಬಿಟ್ಟು ಇನ್ನೊಂದನ್ನು ಕತ್ತರಿಸಿ, ಕೀಳಬೇಡಿ. ಬೀಜದ ಗಿಡ ಮೊದಲ ವರ್ಷ ಗಿಡ್ಡ ಕಾಣುತ್ತದೆ, ಬೇರು ನೇರ ಇಳಿದಿರುವುದರಿಂದ ಬರ ತಡೆಯುವುದು ಅದೇ.

ಮೊದಲ ಬೇಸಿಗೆ, ಫೆಬ್ರವರಿಯಿಂದ ಮೇ, 10–15 ದಿನಕ್ಕೊಂದು ಬಿಂದಿಗೆ ನೀರು, ಬುಡಕ್ಕೆ ಒಣ ಸೊಪ್ಪಿನ ಮುಚ್ಚಿಗೆ. ಇಷ್ಟು ಮಾಡಲಾಗದಷ್ಟು ಸಸಿ ನೆಡಬೇಡಿ. ಹೊಲದ ಸುತ್ತಳತೆ 500 ಮೀಟರ್ ಇದೆ ಅಂತ ಒಂದೇ ವರ್ಷ ನೂರು ನೆಟ್ಟು ಮೂವತ್ತು ಉಳಿಸಿಕೊಳ್ಳುವುದಕ್ಕಿಂತ ಈ ವರ್ಷ ಪಡುವಲು, ಮುಂದಿನ ವರ್ಷ ಮೂಡಲು ಅಂತ ಹೋಗಿ.

ಹೊಂಗೆ ಎಲೆ ಮೇಲೆ ಗುಳ್ಳೆ ಗುಳ್ಳೆ ಎದ್ದರೆ ಗಾಬರಿ ಬೇಡ. ಅದು ಸಣ್ಣ ನುಸಿಯಿಂದ ಆಗುವ ಗಂಟು, ಮರಕ್ಕೆ ಏನೂ ಆಗುವುದಿಲ್ಲ, ಔಷಧಿ ಹೊಡೆಯುವುದು ದಂಡ.

ಸವರುವುದು: ನಾಲ್ಕೈದನೇ ವರ್ಷದಿಂದ. ಬಿತ್ತನೆಗೆ 10–15 ದಿನ ಮುಂಚೆ ಸವರಿ, ಸೊಪ್ಪು ಹೊಲಕ್ಕೆ ಹರಡಿ, ಕೊನೆಯ ಉಳುಮೆಗೆ ಮಣ್ಣಿಗೆ ಸೇರಿಸಿ. ಬೆಳೆಗೆ ಬೆಳಕೂ ಸಿಕ್ಕಿತು, ಗೊಬ್ಬರವೂ ಆಯಿತು. ಮೇಲಿನ ಮೂರನೇ ಒಂದು ಭಾಗ ಎಲೆ ಇರಲೇಬೇಕು. ದಪ್ಪ ಕೊಂಬೆಯಾದರೆ ಮೊದಲು ಕೆಳಗಿನಿಂದ ಕಾಲು ಭಾಗ ಕುಯ್ದು ಆಮೇಲೆ ಮೇಲಿಂದ ಕುಯ್ಯಿರಿ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಗೇಣುದ್ದ ಸೀಳಿಕೊಂಡು ಬರುತ್ತದೆ, ಅಲ್ಲಿಂದಲೇ ಕೊಳೆ ಒಳಗಿಳಿಯುತ್ತದೆ. ಕಾಂಡಕ್ಕೆ ಸೇರುವ ಕಡೆ ಉಬ್ಬಿದ ಉಂಗುರ ಕಾಣುತ್ತದಲ್ಲ, ಅದನ್ನು ಉಳಿಸಿ ಅದರ ಹೊರಗೆ ಕತ್ತರಿಸಿ. ಗಾಯ ಮುಚ್ಚುವುದು ಆ ಉಂಗುರದಿಂದ.

ಎಲ್ಲಾ ಮರವನ್ನೂ ಪ್ರತಿ ವರ್ಷ ಸವರಿದರೆ ಬೀಜದ ಆಸೆ ಬಿಡಿ. ಹೊಂಗೆ ಹೂ ಬಿಡುವುದು ಬೇಸಿಗೆಯ ಹೊಸ ಚಿಗುರಿನಲ್ಲಿ, ನೀವು ಬಿತ್ತನೆಗೆ ಮುಂಚೆ ಸವರಿದಾಗ ಹೋಗುವುದೂ ಅದೇ ಚಿಗುರು. ಬಡಗಲು–ಮೂಡಲಿನವು ಬೀಜಕ್ಕೆ, ಪಡುವಲಿನವು ಸೊಪ್ಪಿಗೆ ಎಂದು ಭಾಗ ಮಾಡಿಕೊಳ್ಳಿ.

ತೆಂಕಲಿಗೆ ಗ್ಲಿರಿಸಿಡಿಯಾ, ಅದೇ ಗೊಬ್ಬರದ ಗಿಡ, 3 ಅಡಿಗೊಂದು. ಕಡ್ಡಿ ನೆಟ್ಟರೂ ಬರುತ್ತದೆ, ಆದರೆ ನೀರಿಲ್ಲದ ಕಡೆ ಬೀಜದ ಸಸಿಯೇ ಮೇಲು. ಕಡ್ಡಿಯಿಂದ ಬಂದದ್ದಕ್ಕೆ ತಾಯಿಬೇರು ಇರುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡಿ ರಾಗಿಯೊಂದಿಗೆ ಪೈಪೋಟಿಗೆ ಬೀಳುತ್ತದೆ. ಒಂದು ವರ್ಷವಾದ ಮೇಲೆ ಮೂರಡಿ ಎತ್ತರಕ್ಕೆ ಕತ್ತರಿಸಿ, ಆಮೇಲೆ ವರ್ಷಕ್ಕೆ ಎರಡು ಮೂರು ಸಲ. ಜನವರಿಯಲ್ಲಿ ಹೂ ಬಿಡುವ ಮುಂಚೆ ಒಮ್ಮೆ ಕತ್ತರಿಸಲೇಬೇಕು, ಹೂ ಬಂದರೆ ಎಲೆ ಉದುರಿ ಬರೀ ಕಡ್ಡಿ ಉಳಿಯುತ್ತದೆ.

ಇದರಿಂದ ಯೂರಿಯಾ ಬೇಡವೇ ಬೇಡ ಎನ್ನುವವರ ಮಾತು ನಂಬಬೇಡಿ. ಒಂದು ಟನ್ ಹಸಿ ಸೊಪ್ಪು ಒಣಗಿದರೆ 200–250 ಕೆ.ಜಿ. ಅದರಲ್ಲಿ ಸಾರಜನಕ 6 ಕೆ.ಜಿ. ಆಸುಪಾಸು, 13 ಕೆ.ಜಿ. ಯೂರಿಯಾಕ್ಕೆ ಸಮ. ಮಳೆಯಾಶ್ರಿತ ರಾಗಿಗೆ ಸಾರಜನಕದ ಶಿಫಾರಸು ಹೆಕ್ಟೇರಿಗೆ 50 ಕೆ.ಜಿ., ಅಂದರೆ ಎಕರೆಗೆ 20. ಗಿಡಕ್ಕೆ ವರ್ಷಕ್ಕೆ 5 ಕೆ.ಜಿ. ಸೊಪ್ಪು ಹಿಡಿದರೂ ಟನ್ನಿಗೆ 200 ಗಿಡ ಬೇಕು, ನಿಮ್ಮ ತೆಂಕಲ ಬದುವಿನಲ್ಲಿ ಹಿಡಿಸುವುದು 140 ಚಿಲ್ಲರೆ. ನಾಲ್ಕು ಎಕರೆಗೂ ಚೆಲ್ಲಾಡಿದರೆ ಯಾವುದಕ್ಕೂ ಸಾಲದು. ಪ್ರತಿ ವರ್ಷ ಒಂದು ಎಕರೆಗೆ ಪೂರ್ತಿ ಹಾಕಿ, ಸರದಿ ಮೇಲೆ ಸುತ್ತಿಸಿ. ಸೊಪ್ಪಿನಿಂದ ಮಣ್ಣಿಗೆ ಸೇರುವ ಕಳಿತ ಅಂಶ, ಹಸಿ ಹಿಡಿಯುವ ಗುಣ ಯೂರಿಯಾ ಲೆಕ್ಕದಲ್ಲಿ ಬರುವುದಿಲ್ಲ, ಮಳೆ ಕೈಕೊಟ್ಟ ವರ್ಷ ಕೆಲಸಕ್ಕೆ ಬರುವುದು ಅದೇ.

---

ಒಣಹೊಲ

ಎಲ್ಲರಿಗೂ ಧನ್ಯವಾದ. ತೆಂಕಲು–ಬಡಗಲಿನ ವಿಷಯ ತಲೆಗೇ ಹೊಳೆದಿರಲಿಲ್ಲ. ಬಡಗಲ ಬದುವಿಗೆ ಹೊಂಗೆ ಬದಲು ಹೆಬ್ಬೇವು ಹಾಕಿದರೆ ಏಳು ವರ್ಷಕ್ಕೆ ದುಡ್ಡು ಅಂತ ನರ್ಸರಿಯವರು ಹೇಳ್ತಾರೆ. ಶ್ರೀಗಂಧಕ್ಕೂ ತುಂಬಾ ಜನ ಹೇಳಿದ್ರು. ಆಮೇಲೆ ಮರ ಕಡಿಯೋಕೆ ಅನುಮತಿ ಎಲ್ಲಾ ಹೇಗೆ?

---

ಟಿಂಬರ್ ಲೆಕ್ಕ

ನರ್ಸರಿಯವರು ಹೇಳುವ ಏಳು ವರ್ಷ, ಹನಿ ನೀರಾವರಿ ಇರುವ ಆಳವಾದ ಮಣ್ಣಿನದ್ದು. ಮೂರಡಿಗೆ ಗರಸು, ಬೋರ್ ಇಲ್ಲ ಅನ್ನುವ ಹೊಲಕ್ಕೆ ಆ ಲೆಕ್ಕ ಅನ್ವಯಿಸುವುದಿಲ್ಲ. ಪ್ಲೈವುಡ್‌ನವರಿಗೆ ಬೇಕಾದ್ದು ದಪ್ಪ, ನೇರ, ಗಂಟಿಲ್ಲದ ಬೊಡ್ಡೆ. ಸಣ್ಣ ಸುತ್ತಳತೆಯದ್ದು ಸೌದೆ ರೇಟಿಗೆ ಹೋಗುತ್ತದೆ.

ಆದರೂ ಹಾಕುವುದಾದರೆ ಮೂಡಲ ಬದುವಿನಲ್ಲಿ, ನೀರು ಇಂಗುವ ಕಡೆ, ಹತ್ತು ಹನ್ನೆರಡು ಮರ ಹಾಕಿ ನೋಡಿ. ಬಡಗಲಿಗೆ ಬೇಡ. ಅಂತರ 12–15 ಅಡಿ. ಹೆಬ್ಬೇವಿನ ಬೆಲೆ ನಿಲ್ಲುವುದು ಮೊದಲ ಎರಡು ವರ್ಷದ ಮೇಲೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕಾಂಡದ ಪಕ್ಕದ ಮೊಗ್ಗುಗಳನ್ನು ಎಳೆಯವಾಗಿರುವಾಗಲೇ ಕೈಯಿಂದ ಚಿವುಟಬೇಕು. ಹೆಬ್ಬೆರಳು ದಪ್ಪ ಆದಮೇಲೆ ಮಚ್ಚಲ್ಲಿ ಕಡಿದರೆ ಗಂಟು ಮರದೊಳಗೆ ಉಳಿದು ಪದರ ಸುಲಿಯುವಾಗ ತೂತು ಬೀಳುತ್ತದೆ. ತುದಿಮೊಗ್ಗು ಮಾತ್ರ ಮುಟ್ಟಬೇಡಿ. ಆಡು ಅದರ ತುದಿ ಕಚ್ಚಿದರೆ ಕಾಂಡ ಕವಲೊಡೆಯುತ್ತದೆ, ಆಗಲೂ ಅದು ಸೌದೆಯೇ. ಕೊಂಬೆ ಪೆಡಸು, ಬಿರುಗಾಳಿಗೆ ಮುರಿಯುತ್ತದೆ, ಆದ್ದರಿಂದ ಗಾಳಿ ಎದುರಿಸುವ ಪಡುವಲ ಬದುವಿಗೂ ಅದು ಆಗದು.

ತೇಗದ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಹತ್ತು ಹದಿನೈದು ವರ್ಷದ ತೇಗದಲ್ಲಿ ಬಿಳಿ ಕಟ್ಟಿಗೆಯೇ ಹೆಚ್ಚು, ಕೆಚ್ಚು (ಗಟ್ಟಿ ಒಳಮರ) ಕಡಿಮೆ, ದರ ಹಳೇ ತೇಗದ ಹತ್ತಿರಕ್ಕೂ ಬರುವುದಿಲ್ಲ. ಅಗಲ ಎಲೆಯಿಂದ ಮಳೆ ದಪ್ಪ ಹನಿಯಾಗಿ ಸುರಿದು ಬುಡದ ಮಣ್ಣು ಕೊಚ್ಚುತ್ತದೆ. ಬದುವಿಗೆ ಅದು ಬೇಡ.

ಬಡಗಲಿಗೆ ದುಡ್ಡಿನ ಮರವೇ ಬೇಕಾದರೆ ಕಮರ ನೋಡಿ. ಚಿತ್ರದುರ್ಗ–ತುಮಕೂರಿನ ಒಣ ಗುಡ್ಡಗಳದ್ದೇ ಮರ, ಗರಸು ನೆಲದಲ್ಲೂ ಬೇರು ಇಳಿಸುತ್ತದೆ, ಎಲೆ ದನಕ್ಕೆ ಮೇವು, ಕಟ್ಟಿಗೆ ಕಬ್ಬಿಣದಷ್ಟು ಗಟ್ಟಿ. ನಿಧಾನ, ಮೊದಲ ಕೆಲವು ವರ್ಷ ಆಡು–ದನದಿಂದ ಮುಳ್ಳುಬೇಲಿ ಕಟ್ಟಿ ಕಾಯಬೇಕು. ಬೇವೂ ಆಗುತ್ತದೆ.

ಶ್ರೀಗಂಧ ಅರೆಪರಾವಲಂಬಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಅಂಟಿಸಿ ನೀರು, ಲವಣ ಹೀರಿಕೊಳ್ಳುತ್ತದೆ. ಒಂಟಿಯಾಗಿ ನೆಟ್ಟರೆ ಎಲೆ ಹಳದಿಯಾಗಿ ಕುಳಿತುಬಿಡುತ್ತದೆ. ನೆಟ್ಟ ಮೊದಲ ವರ್ಷ ಬುಡದಲ್ಲಿ ತೊಗರಿ, ಆಮೇಲೆ ಐದಾರು ಅಡಿ ದೂರದಲ್ಲಿ ಹೊಂಗೆಯಂಥ ಆಸರೆ ಮರ ಬೇಕು. ಬೆಳೆಯುವುದು ಕಷ್ಟವಲ್ಲ, ಕಾಯುವುದು ಕಷ್ಟ. 2001ರ ತಿದ್ದುಪಡಿಯ ನಂತರ ನಿಮ್ಮ ಜಮೀನಿನ ಶ್ರೀಗಂಧಕ್ಕೆ ನೀವೇ ಒಡೆಯರು, ಆದರೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕೆಚ್ಚು ಕೂಡುವ ಹೊತ್ತಿಗೆ ಕಳ್ಳರಿಗೆ ನಿಮಗಿಂತ ಮೊದಲೇ ಗೊತ್ತಾಗುತ್ತದೆ. ಮನೆ ಇಲ್ಲದ ದೂರದ ಹೊಲದ ಬದುವಿಗೆ ಹಾಕುವುದು ಕಳ್ಳನಿಗೆ ಬೆಳೆಸಿಕೊಟ್ಟ ಹಾಗೆ.

ಅನುಮತಿ: ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯಲೂ ಅನುಮತಿ ಬೇಕು, ವಿನಾಯಿತಿ ಪಟ್ಟಿಯಲ್ಲಿರುವ ಜಾತಿಗಳನ್ನು ಬಿಟ್ಟು. ಪಟ್ಟಿ ಕಾಲಕಾಲಕ್ಕೆ ಬದಲಾಗಿದೆ. ಅಂಗಡಿಯವರ ಮಾತು ಕೇಳದೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ನೀವು ನೆಡಲಿರುವ ಜಾತಿಯ ಹೆಸರು ಹೇಳಿ, ಕಡಿಯಲು ಒಂದು, ಸಾಗಿಸಲು ಒಂದು, ಎರಡನ್ನೂ ಬೇರೆ ಬೇರೆ ಕೇಳಿ. ಕಡಿಯಲು ವಿನಾಯಿತಿ ಇದ್ದು ಸಾಗಣೆಗೆ ಪಾಸ್ ಬೇಕಾದರೆ ಲಾರಿ ಚೆಕ್‌ಪೋಸ್ಟಿನಲ್ಲಿ ನಿಲ್ಲುತ್ತದೆ. ಪಹಣಿಯಲ್ಲಿ ಮರಗಳಿಗೆ ಕಾಲಂ ಇದೆ, ನಾಲ್ಕೈದು ವರ್ಷವಾದ ಮೇಲೆ ಗ್ರಾಮ ಆಡಳಿತ ಅಧಿಕಾರಿಗೆ (ಮೊದಲಿನ ಗ್ರಾಮ ಲೆಕ್ಕಾಧಿಕಾರಿ) ಅರ್ಜಿ ಕೊಟ್ಟು ಸೇರಿಸಿ. ಮುಂದೆ ಕಡಿಯಲು ಅರ್ಜಿ ಹಾಕಿದಾಗ ಮರ ನಿಮ್ಮದೇ ಎಂದು ತೋರಿಸಲು ಅದೇ ದಾಖಲೆ.

ಸಸಿಗೂ ಅದೇ ಕಚೇರಿ. 2011–12ರಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ಇಲಾಖೆಯ ನರ್ಸರಿಯಲ್ಲಿ ಕಡಿಮೆ ದರಕ್ಕೆ ಸಸಿ ಸಿಗುತ್ತದೆ, ಮೊದಲ ಮೂರು ವರ್ಷ ಬದುಕುಳಿದ ಸಸಿಯ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡುತ್ತಾರೆ. ನೆಡುವ ಮುಂಚೆಯೇ ಹೆಸರು ನೋಂದಾಯಿಸಬೇಕು, ಹೊರಗಿಂದ ಸಸಿ ತಂದು ನೆಟ್ಟು ಆಮೇಲೆ ಹೋದರೆ ಸಿಗುವುದಿಲ್ಲ. ಹೊಂಗೆ, ಬೇವಿಗೆ ಕೇಳಿ. ಗ್ಲಿರಿಸಿಡಿಯಾಕ್ಕೆ ಈ ಹಣ ಇಲ್ಲ.

---

ಒಣಹೊಲ

ಕೊನೇದಾಗಿ ಒಂದು. ಮರ ಬಂದರೆ ಹಕ್ಕಿ ಕಾಟ ಹೆಚ್ಚಾಗುತ್ತೆ, ರಾಗಿ ತೆನೆ ಉಳಿಯಲ್ಲ ಅಂತಾರೆ. ನಿಜಾನಾ?

---

ಅಕ್ಕಡಿಸಾಲು

ಅರ್ಧ ನಿಜ. ಗಿಳಿ, ಗುಬ್ಬಿ ಜಾತಿಯವು ಮರದಲ್ಲಿ ಕೂತು ಇಳಿಯುತ್ತವೆ, ಬದುವಿನ ಪಕ್ಕದ ಸಾಲಿಗೆ ಪೆಟ್ಟು ಹೆಚ್ಚು. ಹೆಚ್ಚು ಕಷ್ಟ ನವಣೆ, ಸಜ್ಜೆ, ಜೋಳಕ್ಕೆ. ರಾಗಿ ತೆನೆ ಮುಚ್ಚಿಕೊಂಡಿರುವುದರಿಂದ ಅದಕ್ಕೆ ಅಷ್ಟಿಲ್ಲ. ಬದುವಿನ ಪಕ್ಕ ನವಣೆ ಹಾಕಬೇಡಿ, ಅಷ್ಟೇ.

ಇನ್ನೊಂದು ಕಡೆ, ಕಾಜಾಣಕ್ಕೆ ಕೂರಲು ಬೇಕಾದ್ದು ಎಲೆ ದಟ್ಟವಿಲ್ಲದ ಬರಿ ಕೊಂಬೆ. ಸವರುವಾಗ ಮರಕ್ಕೊಂದು ಒಣ ಕೊಂಬೆ ಹೊಲದ ಕಡೆಗೆ ಚಾಚಿದ್ದು ಬಿಡಿ. ತೊಗರಿ ಹೂವಿಗೆ ಬಂದಾಗ ಅದರಿಂದ ಹಾರಿ ಹಾರಿ ಹುಳು ಹಿಡಿಯುತ್ತದೆ. ರಾತ್ರಿ ಗೂಬೆಯೂ ಅಲ್ಲೇ ಕೂರುತ್ತದೆ, ಕಡಲೆಕಾಯಿ ವರ್ಷ ಇಲಿಗೆ ಅದು ಬೇಕು. ಹುಣಸೆ ಉಳಿಸಿಕೊಂಡರೆ ಅದರ ಪೊಟರೆಗೆ ಸಿಮೆಂಟ್ ಮೆತ್ತಿಸಬೇಡಿ, ಗೂಬೆ ಇರುವುದು ಅಂಥ ಕಡೆಯೇ.